ಯಂತ್ರ ಓದದ ಸಾಲುಗಳು

"ಫೈಲ್ ನೋಡಿದೆ. ಅದರಲ್ಲಿ ಏನೂ ಇಲ್ಲ."

ಬುಧವಾರ ಮಧ್ಯಾಹ್ನ ಧನ್ಯಶ್ರೀ ಕಳಿಸಿದ ಈ ಎರಡು ವಾಕ್ಯಗಳನ್ನು ಬಾಳೇಶ ನಾಲ್ಕು ಸಲ ಓದಿದ. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ತಪ್ಪು ಗಾಜಿನದೇ ಇರಬಹುದು ಎಂಬಂತೆ. ಕಿಟಕಿಯ ಮಟ್ಟದಲ್ಲಿ ಮೆಟ್ರೊ ರೈಲೊಂದು ಅತ್ತಿಗುಪ್ಪೆ ನಿಲ್ದಾಣದ ಕಡೆಗೆ ನಿಧಾನವಾಗಿ ಜಾರಿತು. ಅದರ ನೆರಳು ಅವನ ಮೇಜನ್ನು ದಾಟಿ, ಆರು ಹೆಜ್ಜೆ ಆಚೆಗಿದ್ದ ಅವಳ ಮೇಜನ್ನೂ ದಾಟಿತು. ಅವಳು ತಲೆಯೆತ್ತಲಿಲ್ಲ.

ಏನೂ ಇಲ್ಲ. ಒಂಬತ್ತು ದಿನ ಬರೆದದ್ದಕ್ಕೆ ಉತ್ತರ ಅದು.

ಅವರ ಕಂಪನಿ ಕಾಲೇಜುಗಳಿಗಾಗಿ ಜಾವಾದಲ್ಲಿ ಒಂದು ಅಪ್ಲಿಕೇಶನ್ ಕಟ್ಟುತ್ತಿತ್ತು. ವಿದ್ಯಾರ್ಥಿಯೊಬ್ಬ ವರ್ಗಾವಣೆ ಪತ್ರಕ್ಕೆ ಅರ್ಜಿ ಹಾಕಿದರೆ, ಆ ಅರ್ಜಿ ಲೈಬ್ರರಿ, ಲ್ಯಾಬು, ಹಾಸ್ಟೆಲುಗಳ ಒಪ್ಪಿಗೆ ಪಡೆಯುತ್ತ ಪ್ರಾಂಶುಪಾಲರನ್ನು ತಲುಪಬೇಕು. ಯಾವ ಮೇಜಿನ ನಂತರ ಯಾವ ಮೇಜು, ಎಲ್ಲಿ ಎಷ್ಟು ದಿನ ಕಾಯಬೇಕು ಎಂಬುದೆಲ್ಲ ಒಂದು ಕಾನ್ಫಿಗರೇಶನ್ ಫೈಲಿನಲ್ಲಿ ಇರುತ್ತಿತ್ತು. ಅಪ್ಲಿಕೇಶನ್ ಪ್ರತಿ ಸಲ ಎಚ್ಚರಗೊಂಡಾಗ ಮೊದಲು ಆ ಫೈಲನ್ನು ಓದಿಕೊಂಡು, ಆಮೇಲೆ ಕೆಲಸಕ್ಕಿಳಿಯುತ್ತಿತ್ತು. ಫೈಲು ಬರೆಯುವುದು ಬಾಳೇಶನ ಕೆಲಸ. ಬರೆದಂತೆ ನಡೆಯುತ್ತದೆಯೇ ಎಂದು ಪರೀಕ್ಷಿಸುವುದು ಧನ್ಯಶ್ರೀಯದು.

ಆ ಫೈಲಿನಲ್ಲಿ # ಎಂಬ ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲುಗಳಿರುತ್ತವೆ. ಅವು ಮನುಷ್ಯರ ಓದಿಗೆ ಬಿಟ್ಟ ಟಿಪ್ಪಣಿಗಳು. ಯಂತ್ರ ಅವನ್ನು ದಾಟಿಕೊಂಡು ಹೋಗುತ್ತದೆ. ಎದುರಿಗೆ ನಿಂತು ಹೇಳಲಾಗದ ಮಾತುಗಳನ್ನು ಬಾಳೇಶ ಅಲ್ಲಿ ಬರೆದ. ದಿನಕ್ಕೆ ಒಂದೇ ಸಾಲು. ಅವಳು ಕೇಳಿದ ಬದಲಾವಣೆಯನ್ನು ಮಾಡಿ, ಅದರ ತಲೆಯ ಮೇಲೆ ಆ ಸಾಲನ್ನು ಇಟ್ಟು, "ವಿವರ ಫೈಲಿನಲ್ಲಿದೆ, ದಯವಿಟ್ಟು ನೋಡಿ" ಎಂದು ಅವಳಿಗೆ ಕಳಿಸುತ್ತಿದ್ದ.

ಅದೇ ಒಂಬತ್ತು ದಿನಗಳಲ್ಲಿ ಇಬ್ಬರ ನಡುವಿನ ಮಾತು ಮುಳ್ಳಾಗುತ್ತ ಬಂದಿತ್ತು.

"ಬಾಳೇಶ್, ಲೈಬ್ರರಿಯಲ್ಲಿ ಅರ್ಜಿ ಇನ್ನೂ ಮೂರು ದಿನ ಕಾಯ್ತಾ ಇದೆ. ಎರಡು ಮಾಡಿ ಅಂದಿದ್ದೆ."

"ಮಾಡೀನ್ರಿ."

"ಆಗಿಲ್ಲ."

"ನನ್ನ ಮಷೀನ್‌ನಾಗ ಆಗೇತ್ರಿ."

"ಹಾಗಾದ್ರೆ ಕಾಲೇಜಿನೋರಿಗೆ ನಿಮ್ಮ ಮಷೀನ್ನೇ ಕಳಿಸೋಣ. ಹೂವು ಮುಡಿಸಿ, ಅರಿಶಿನ ಕುಂಕುಮ ಇಟ್ಟು."

ಅವನು ನಕ್ಕಿದ್ದ. ಅವಳು ನಗಲಿಲ್ಲ. ಮೊದಲೆಲ್ಲ ನಾಲ್ಕು ಗಂಟೆಗೆ ಇಬ್ಬರೂ ಕೆಳಗಿನ ಬೇಕರಿಗೆ ಇಳಿದು ಒಂದು ಖಾರಾ ಬನ್ನನ್ನು ಹಂಚಿಕೊಳ್ಳುತ್ತಿದ್ದರು. ದೊಡ್ಡ ಅರ್ಧ ಯಾರದೆಂಬ ಜಗಳ ಸಂಜೆಯ ರೈಲಿನವರೆಗೂ ಸಾಗುತ್ತಿತ್ತು. ಅವನು ಜ್ಞಾನಭಾರತಿಯಲ್ಲಿ ಇಳಿಯುತ್ತಿದ್ದ, ಅವಳು ಕೆಂಗೇರಿಯವರೆಗೆ ಹೋಗುತ್ತಿದ್ದಳು. ಈಗ ಅವಳು ಒಂದು ರೈಲು ಮೊದಲೇ ಹೊರಟುಬಿಡುತ್ತಿದ್ದಳು.

ಬುಧವಾರದ ಆ ಉತ್ತರ ಬಂದ ಮೇಲೆ ಅವನು ಮ್ಯಾನೇಜರ್ ಚನ್ನಕೇಶವರ ಮುಂದೆ ಹೋಗಿ ನಿಂತ. "ಹುಬ್ಬಳ್ಳಿ ಬ್ರಾಂಚಿಗೆ ಒಬ್ರು ಬೇಕು ಅಂದಿದ್ರಲ್ರಿ ಸರ್. ನಾ ಹೋಗ್ತೀನ್ರಿ."

ಶುಕ್ರವಾರ ಊಟದ ನಂತರ ಚನ್ನಕೇಶವ ಧನ್ಯಶ್ರೀಯ ಮೇಜಿನ ಬಳಿ ಬಂದರು.

"ಬಾಳೇಶ ಸೋಮವಾರದಿಂದ ಹುಬ್ಬಳ್ಳಿ ಕಣಮ್ಮ. ಐದು ಗಂಟೆಗೆ ಹೆಡ್ ಆಫೀಸಿಗೆ ಮೇಲ್ ಹಾಕ್ತೀನಿ. ಇನ್ಮೇಲೆ ಕಾನ್ಫಿಗ್ ನೀನೇ ನೋಡ್ಕೋ."

"ಯಾಕೆ ಸಾರ್, ಇದ್ದಕ್ಕಿದ್ದಂಗೆ?"

"ಕೇಳ್ದೆ. ಇಲ್ಲಿ ನನ್ನಿಂದ ಏನೂ ಬದಲಾಗ್ತಿಲ್ಲ ಸರ್, ಅಂದ."

ಅವಳು ಆರು ಹೆಜ್ಜೆಯಾಚೆ ನೋಡಿದಳು. ಬಾಳೇಶ ಡ್ರಾಯರ್ ಖಾಲಿ ಮಾಡುತ್ತಿದ್ದ. ಬೇಕರಿಯ ಟೋಕನ್ನುಗಳನ್ನು ಒಂದೊಂದಾಗಿ ತೆಗೆದು, ಎಸೆಯಲಾರದೆ ಮತ್ತೆ ಒಳಗೇ ಇಡುತ್ತಿದ್ದ. ಇವನ ಮೇಲೆ ತನಗಿದ್ದ ಕೋಪವೆಲ್ಲ ಇವನು ಇಲ್ಲಿಯೇ ಇರುತ್ತಾನೆಂಬ ಧೈರ್ಯದ ಮೇಲೆ ನಿಂತಿತ್ತೆಂದು ಅವಳಿಗೆ ಈಗ ತಿಳಿಯಿತು.

ಅವನು ಮಾಡಿದ ಬದಲಾವಣೆ ಎಲ್ಲಿ ತಪ್ಪಿಹೋಗುತ್ತಿದೆಯೆಂದು ನೋಡಲು ಅವಳು ಟೆಸ್ಟ್ ಸರ್ವರನ್ನು ನಿಲ್ಲಿಸಿ ಮತ್ತೆ ಶುರುಮಾಡಿದಳು. ಪರದೆಯ ಮೇಲೆ ಸಾಲುಗಳು ಉಕ್ಕಿ ಬಂದವು. ಇಷ್ಟು ದಿನ ಯಾರೂ ಕಣ್ಣು ನಿಲ್ಲಿಸದ ಒಂದು ಸಾಲಿನಲ್ಲಿ ಅವಳ ಬೆರಳು ನಿಂತಿತು. ಕಾನ್ಫಿಗರೇಶನ್ ಎಲ್ಲಿಂದ ಲೋಡ್ ಆಯಿತು ಎಂದು ಹೇಳುವ ಸಾಲು ಅದು.

ಅಪ್ಲಿಕೇಶನ್ನು ಒಂದು ಮುಚ್ಚಿದ ಡಬ್ಬಿ. ಅದನ್ನು ಕಟ್ಟುವಾಗ ಹಳೆಯ ಫೈಲಿನ ಒಂದು ಪ್ರತಿ ಒಳಗೇ ಉಳಿದುಬಿಟ್ಟಿತ್ತು. ಹೊರಗಿನ ಫೋಲ್ಡರಿನಲ್ಲಿ ಅದೇ ಹೆಸರಿನ ಇನ್ನೊಂದು, ಬಾಳೇಶ ದಿನವೂ ತಿದ್ದುತ್ತಿದ್ದದ್ದು. ಆ ಒಂಬತ್ತು ದಿನಗಳ ಶುರುವಿನಲ್ಲಿ ಬಂದ ಹೊಸ ಆವೃತ್ತಿ ಮೊದಲು ಒಳಗೆ ಹುಡುಕುತ್ತಿತ್ತು. ಸಿಕ್ಕಿದೊಡನೆ ತೃಪ್ತಿಯಾಗಿ, ಹೊರಗೆ ತಿರುಗಿಯೂ ನೋಡುತ್ತಿರಲಿಲ್ಲ. ಬಾಳೇಶನ ಮಷೀನಿನಲ್ಲಿ ಒಳಗಿನ ಪ್ರತಿಯೇ ಇರಲಿಲ್ಲ. ಅವನು ಹೇಳಿದ್ದು ನಿಜ. ಅವಳು ಹೇಳಿದ್ದೂ ನಿಜ. ಅವಳು ದಿನವೂ ತೆರೆದು ನೋಡಿದ್ದು ಒಳಗಿನ ಫೈಲನ್ನು.

ಅವಳು ಹೊರಗಿನದನ್ನು ತೆರೆದಳು.

# ಲೈಬ್ರರಿ: ಮೂರು ದಿನ ಇದ್ದದ್ದು ಎರಡು. ಇದನ್ನ ಯಂತ್ರ ಓದೂದಿಲ್ರಿ, ನೀವು ಓದ್ತೀರಿ. ಇವತ್ತಿನ ಹಸಿರು ಓಲೆ ಭಾಳ ಚಂದ ಅದಾವು.

ಅವಳ ಕೈ ತಾನಾಗಿ ಕಿವಿಗೆ ಹೋಯಿತು.

# ಲ್ಯಾಬು: ಹಾಸ್ಟೆಲ್ಲಿಗಿಂತ ಮೊದಲು. ತಪ್ಪು ಹಿಡಿದಾಗ ನಿಮ್ಮ ಎಡಗಡೆ ಹುಬ್ಬು ಏರ್ತೈತಿ. ಅದನ್ನ ನೋಡಾಕಂತ ನಾನು ಬೇಕಂತ ತಪ್ಪು ಮಾಡಿಲ್ರಿ. ಇನ್ನೂ ತನಕ.

# ಹಾಸ್ಟೆಲ್: ಒಂದು ದಿನ ಸಾಕು. ಜ್ಞಾನಭಾರತಿ ಸ್ಟೇಷನ್ ಇನ್ನೂ ನಾಕು ಸ್ಟೇಷನ್ ಆಚೆ ಕಟ್ಟಬೇಕಿತ್ತು.

ಒಂದರ ಕೆಳಗೆ ಒಂದು, ಒಂಬತ್ತು. ಕೊನೆಯದು ಬುಧವಾರ ಬೆಳಗಿನದು:

# ಪ್ರಾಂಶುಪಾಲರು: ಕಾಯೋ ಮಿತಿ ಇಲ್ಲ. ನನಗೂ ಇಲ್ಲ. ಬ್ಯಾಡಾಗಿದ್ರ ಹೇಳಿಬಿಡ್ರಿ, ಈ ಸಾಲೆಲ್ಲಾ ಅಳಿಸ್ತೀನಿ. ಅಳಿಸಿದ್ರೂ ಪ್ರೋಗ್ರಾಮಿಗೆ ಏನೂ ಆಗೂದಿಲ್ಲ.

ಆ ಬುಧವಾರವೇ ತಾನು ಬರೆದದ್ದು ಅವಳಿಗೆ ನೆನಪಾಯಿತು. ಅದರಲ್ಲಿ ಏನೂ ಇಲ್ಲ. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣೀರಿಗೆ ಅಕ್ಷರಗಳು ಕಲಸಿಹೋದವು. ಹ್ಯಾಶ್ ಗುರುತುಗಳು ಮಾತ್ರ ಸಣ್ಣ ಸಣ್ಣ ಕಿಟಕಿಗಳಂತೆ ಸಾಲಾಗಿ ನಿಂತಿದ್ದವು.

ಗಡಿಯಾರ ನೋಡಿದಳು. ನಾಲ್ಕೂವರೆ. ಕೊನೆಯ ಸಾಲಿನ ಕೆಳಗೆ ಟೈಪ್ ಮಾಡಿ, ಉಳಿಸಿದಳು.

"ಬಾಳೇಶ್."

ಅವನು ಎದ್ದು ಬಂದ. "ಹೇಳ್ರಿ. ಹ್ಯಾಂಡೋವರ್ ಏನಾರ ಉಳಿದೈತೇನ್ರಿ?"

"ಫೈಲಿನಲ್ಲಿ ಒಂದು ಬದಲಾವಣೆ ಮಾಡಿದೀನಿ. ವಿವರ ಫೈಲಿನಲ್ಲಿದೆ. ದಯವಿಟ್ಟು ನೋಡಿ."

ಅವನು ಬಾಗಿ ಪರದೆ ನೋಡಿದ. ತನ್ನ ಸಾಲುಗಳನ್ನು ಅವಳೆದುರು ಕಂಡು ಕಿವಿಯವರೆಗೆ ಕೆಂಪಾದ. ಅವಕ್ಕೂ ಕೆಳಗೆ ಒಂದು ಹೊಸ ಸಾಲಿತ್ತು.

# ನಾನು ಬೇಡ ಅಂದಿಲ್ಲ. ಇಷ್ಟು ದಿನ ಬೇರೆ ಫೈಲ್ ಓದ್ತಾ ಇದ್ದೆ. ಈಗ ಇದನ್ನ ಓದಿದೆ, ಎರಡು ಸಲ. ಒಂದು ಸಾಲನ್ನೂ ಅಳಿಸಬೇಡಿ. ಪ್ರೋಗ್ರಾಮಿಗೆ ಏನೂ ಆಗಲ್ಲ, ನನಗೆ ಆಗುತ್ತೆ.

ಅವಳ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತ.

"ಓದಿದ್ರಾ?"

"ಓದೀನ್ರಿ."

"ಮತ್ತೆ ನಿಂತಿದೀರಲ್ಲ ಮಾರಾಯ್ರೆ! ಐದು ಗಂಟೆಗೆ ಮೇಲ್ ಹೋಗುತ್ತೆ, ಓಡಿ!"

ಅವನು ನಿಜವಾಗಿಯೂ ಓಡಿದ. ಚನ್ನಕೇಶವ ಕತೆಯನ್ನೆಲ್ಲ ಅಲ್ಲ, ಎರಡು ಫೈಲುಗಳ ಭಾಗವನ್ನು ಮಾತ್ರ ಕೇಳಿದರು; ಮಿಕ್ಕದ್ದನ್ನು ಅವನ ಮುಖದಲ್ಲಿ ಓದಿಕೊಂಡರು.

"ಒಳಗೆ ಮೊದಲು ಹುಡುಕೋ ಹಾಗೆ ಲೋಡರ್ ಬರೆದವನು ನಾನೇ ಕಣಯ್ಯಾ," ಎಂದು ತಲೆ ಕೆರೆದುಕೊಂಡರು. "ತಪ್ಪು ನಂದು. ಹುಬ್ಬಳ್ಳಿಗೆ ಬೇರೆ ಯಾರನ್ನಾದ್ರೂ ನೋಡೋಣ. ಅಂದ ಹಾಗೆ, ಆ ಫೈಲು ಕಾಲೇಜಿಗೆ ಹೋಗೋ ಮುಂಚೆ ಇಬ್ರೂ ಒಂದೊಂದು ಕಾಪಿ ಮನೆಗೆ ತಗೊಂಡು ಹೋಗಿ."

ಸಂಜೆಯ ರೈಲಿನಲ್ಲಿ ಸೀಟಿರಲಿಲ್ಲ. ಇಬ್ಬರೂ ಒಂದೇ ಕಂಬ ಹಿಡಿದು ನಿಂತರು. ಅವನ ಕೈ ಮೇಲೆ, ಅವಳದು ಕೆಳಗೆ, ನಡುವೆ ಒಂದು ಗೇಣು. ನಾಯಂಡಹಳ್ಳಿ ದಾಟುವಾಗ ಅದು ಬೆರಳಷ್ಟಾಯಿತು. ರಾಜರಾಜೇಶ್ವರಿನಗರದ ತಿರುವಿನಲ್ಲಿ ಅದೂ ಉಳಿಯಲಿಲ್ಲ. ಹೊರಗೆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಮರಗಳು ಇಳಿಬಿಸಿಲನ್ನು ಎಲೆಎಲೆಯಾಗಿ ಬಿಡಿಸಿಕೊಳ್ಳುತ್ತಿದ್ದವು.

ಜ್ಞಾನಭಾರತಿ ಬಂತು. ಬಾಗಿಲು ತೆರೆದು, ಜನ ಇಳಿದು, ಬಾಗಿಲು ಮುಚ್ಚಿತು.

"ನಿಮ್ಮ ಸ್ಟೇಷನ್ ಹೋಯ್ತು!" ಎಂದಳು ಧನ್ಯಶ್ರೀ, ಗಾಬರಿಯಿಂದ. ಅವಳ ಎಡಹುಬ್ಬು ಏರಿತು.

ಬಾಳೇಶ ಅದನ್ನೇ ನೋಡುತ್ತಿದ್ದ.

"ಇದನ್ನ ಬೇಕಂತ ಮಾಡಿದ್ದು ನೋಡ್ರಿ," ಎಂದ.