ಅರಿವಳಿಕೆ ಡಾಕ್ಟರ ಭಯ

"ಸಿಸ್ಟರ್, ಏನು ಗೊಣಗ್ತಿದೀರಿ?"

ರೋಗಿಯ ಕೈ ಹಿಡಿದು ಕಣ್ಣು ಮುಚ್ಚಿದ್ದ ಥಿಯೇಟರ್ ನರ್ಸ್ ಬೆಚ್ಚಿಬಿದ್ದಳು. ಎದುರಿಗೆ, ಅರಿವಳಿಕೆ ಕೊಡಲು ಹೊಸದಾಗಿ ಬಂದಿದ್ದ ಡಾಕ್ಟರ್. ಮಾಸ್ಕಿನ ಮೇಲೆ ಎರಡು ಚೂಪು ಕಣ್ಣುಗಳಷ್ಟೇ ಕಾಣುತ್ತಿದ್ದವು.

"ಪ್ರಾರ್ಥನೆ, ಡಾಕ್ಟರ್."

"ಮಾನಿಟರ್ ಸರಿಯಾಗಿದೆ, ಔಷಧಿ ಸರಿಯಾಗಿದೆ. ಇಲ್ಲಿ ದೇವರಿಗೇನು ಕೆಲಸ?"

ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು.

ಆದರೂ ಅವಳು ಬಿಡಲಿಲ್ಲ. ಅಂದಿನಿಂದ ಮಾಸ್ಕಿನೊಳಗೇ ಪ್ರಾರ್ಥಿಸಿಕೊಳ್ಳತೊಡಗಿದಳು. ಅವನಿಗೆ ಅದು ಗೊತ್ತಾಗುತ್ತಿತ್ತು. ಕೀಟಲೆ ಮಾಡುತ್ತಲೇ, ಅವಳು ಮುಗಿಸುವವರೆಗೆ ಸಿರಿಂಜ್ ಹಿಡಿದು ಕಾಯುತ್ತಿದ್ದ. ಹಾಗೆ ಕಾಯುವವನ ಮೇಲೆ ಅವಳಿಗೆ ಮನಸ್ಸಾಯಿತು...

ಕ್ಯಾಂಟೀನಿನಲ್ಲಿ ಜೊತೆಗೆ ಚಹಾ ಕುಡಿಯುವಷ್ಟು ಸಲಿಗೆ ಬೆಳೆದಾಗಲೂ ಒಳಗೊಳಗೇ ಅಳುಕು. 'ನನ್ನ ದೇವರನ್ನ ನೋಡಿ ನಗೋನು, ನಾಳೆ ನನ್ನನ್ನೂ ನೋಡಿ ನಕ್ಕರೆ?'

ಒಂದು ಮಧ್ಯಾಹ್ನ ಮೇಟ್ರನ್ ಕೋಣೆಯಿಂದ ಅವನ ದನಿ ಕೇಳಿಸಿತು.

"ನಾಳೆ ಆ ಪ್ರಾರ್ಥನೆ ಸಿಸ್ಟರ್ ನನ್ನ ಜೊತೆ ಬೇಡ. ಹಾರ್ಟ್ ಥಿಯೇಟರಿಗೆ ಹಾಕಿ."

ಅವಳು ಬಂದ ದಾರಿಯಲ್ಲೇ ತಿರುಗಿ ನಡೆದಳು. ಕೊನೆಗೂ ಬೇಡವಾದೆ...

ಮರುದಿನ ಬೆಳಿಗ್ಗೆ ಹೃದಯದ ಆಪರೇಷನ್ನಿಗೆ ಬಂದವರು ನಿವೃತ್ತ ಮೇಷ್ಟ್ರು. ಸ್ಟ್ರೆಚರಿನ ಮೇಲಿಂದಲೇ ಅವಳ ಕೈ ಹಿಡಿದರು.

"ಭಯ ಆಗ್ತಿದೆ ಕಣಮ್ಮ. ನನ್ನ ಮಗ ಜನರನ್ನ ಮಲಗಿಸೋದು ಓದಿದಾನೆ. ದೇವರೇ, ಎಬ್ಬಿಸಪ್ಪಾ ಅಂತ ಕೇಳ್ಕೊಳ್ಳೋಕೆ ಮಾತ್ರ ಬರಲ್ಲ. ನೀನು ಕೇಳ್ಕೋತೀಯಂತೆ, ಅವನೇ ಹೇಳಿದ."

ಅವಳು ತಿರುಗಿ ನೋಡಿದಳು. ಬಾಗಿಲಾಚೆ ಮಾಮೂಲಿ ಅಂಗಿ ತೊಟ್ಟು, ರೋಗಿಗಳ ಮನೆಯವರ ಹಾಗೇ ಅವನು ನಿಂತಿದ್ದ. ಅವಳು ಹತ್ತಿರ ಹೋದಳು.

"ನನ್ನ ಬೇಡ ಅಂದ್ರಲ್ಲ..."

"ನನ್ನ ಜೊತೆ ಬೇಡ ಅಂದೆ. ಅಪ್ಪನ ಜೊತೆ ಇರ್ಲಿ ಅಂತ." ಅವನು ಬಾಗಿಲಿನೊಳಗೆ ಇಣುಕಿದ. "ನಂಬಿಕೆ ಬಂದಿದೆ ಅಂದ್ಕೋಬೇಡಿ. ಕೈಕಾಲು ನಡುಗ್ತಿದೆ, ಅಷ್ಟೇ."

"ನನಗೂ ಅಷ್ಟೇ. ಧೈರ್ಯ ಇದ್ದಿದ್ರೆ ಪ್ರಾರ್ಥನೆ ಯಾಕೆ ಬೇಕಿತ್ತು?"

ಒಳಗೆ ಹೃದಯವನ್ನು ನಿಲ್ಲಿಸಿ, ಯಂತ್ರದಿಂದ ರಕ್ತ ಹರಿಸಿ ಹೊಲಿಗೆ ಹಾಕಿದರು. ಎಲ್ಲ ಮುಗಿದು ಮತ್ತೆ ಮಿಡಿಯಬೇಕಾದ ಹೃದಯ ಮಾತ್ರ... ಮಿಡಿಯಲಿಲ್ಲ, ಬರೀ ಅದುರಿತು.

ಸರ್ಜನ್ ಶಾಕ್ ಕೊಟ್ಟರು. ಮಾನಿಟರಿನ ಗೆರೆ ಅಡ್ಡಾದಿಡ್ಡಿಯಾಗಿ ಅದುರುತ್ತಲೇ ಇತ್ತು.

ಅವಳಿಗೆ ದಿನಾ ಹೇಳುವ ಪ್ರಾರ್ಥನೆಯ ಒಂದು ಪದವೂ ನೆನಪಾಗಲಿಲ್ಲ. ದೇವರೇ... ದೇವರೇ... ಅಷ್ಟೇ.

ಮತ್ತೊಂದು ಶಾಕ್. ಅದುರಾಟ ನಿಂತು ಗೆರೆ ಸಣ್ಣಗೆ ಜಿಗಿಯಿತು. ಆಮೇಲೆ ಇನ್ನೊಮ್ಮೆ.

ಕಣ್ಣೀರಲ್ಲಿ ಒದ್ದೆಯಾದ ಮಾಸ್ಕಿನೊಂದಿಗೆ ಅವಳು ಹೊರಬಂದಾಗ, ಅವನು ಗೋಡೆಗೊರಗಿ ಹಾಗೇ ಕುಸಿದ.

"ಹೇಳ್ಬೇಡಿ..."

"ಬದುಕಿದಾರೆ," ಎಂದು ಅವಳು ಪಕ್ಕದಲ್ಲೇ ನೆಲದ ಮೇಲೆ ಕೂತಳು. "ಎದೆ ಮಿಡೀತಿದೆ."

ಓಡಾಡುವವರು ನೋಡುತ್ತಿದ್ದರೂ ಅವನು ಅವಳ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

"ಇದು ನಿಮ್ಮ ದೇವರ ಕೆಲಸವೋ, ಸರ್ಜನ್ ಕೆಲಸವೋ, ನನಗೆ ಗೊತ್ತಿಲ್ಲ. ಕೊನೇವರೆಗೂ ಗೊತ್ತಾಗದೇ ಹೋದ್ರೂ... ನನ್ನ ಮದುವೆ ಆಗ್ತೀರಾ?"

ಅವಳ ಭಯ ಪೂರ್ತಿ ಹೋಗಿರಲಿಲ್ಲ. ಆದರೂ ಅವನ ಕೈ ಬಿಡಲು ಮನಸ್ಸಾಗಲಿಲ್ಲ.

"ನಾನು ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಎದ್ದು ಹೋಗಬಾರದು."

"ಹೋಗಲ್ಲ. ನನಗೆ ಪ್ರಾರ್ಥನೆ ಬರಲ್ಲ, ಸುಮ್ನೆ ಕೂತಿರ್ತೀನಿ."

"ಸಾಕು. ನನಗೆ ಒಬ್ಬಳೇ ಕೂತ್ಕೊಳ್ಳೋಕೇ ಭಯ."