ಬೋರ್ಡಿನ ಮೇಲಿನ ಓಟಿಪಿ

ಕುರ್ಡಿ ಹೈಸ್ಕೂಲಿನ ಸಂಜೀವ ಮೇಷ್ಟ್ರು ಸಿಟ್ಟಿನಿಂದ ಒಮ್ಮೆ ಕೆಮ್ಮಿದರೆ ರಾಯಚೂರು ಕೋಟೆಯ ಕಲ್ಲು ಉರುಳುತ್ತಿತ್ತು, ಕೃಷ್ಣೆ ಅರ್ಧ ಗಳಿಗೆ ಹಿಂದಕ್ಕೆ ಹರಿಯುತ್ತಿದ್ದಳು, ದೇಶದ ಸೈಬರ್ ಕಳ್ಳರೆಲ್ಲ ತಮ್ಮ ಸಿಮ್ಮುಗಳನ್ನು ಪುಟಾಣಿ ಕಾಳಿನಂತೆ ಅಗಿದು ನುಂಗುತ್ತಿದ್ದರು. ನಂಬದವರು ಕೃಷ್ಣೆಯನ್ನೇ ಕೇಳಿಕೊಳ್ಳಿ.

ಅಂಥ ಗಂಡನ್ನು ಕೆಡವಲು ಒಂದು ಡಸ್ಟರ್ ಸಾಕಾಯಿತು.

ಅಂದು ಸ್ಕಾಲರ್‌ಶಿಪ್ ಅರ್ಜಿಗೆ ಕಡೆಯ ದಿನ. ಮಕ್ಕಳು ಸಂಜೀವನ ಮೊಬೈಲಿನಿಂದ ಅವ್ವಂದಿರಿಗೆ ಫೋನ್ ಹಚ್ಚುತ್ತಿದ್ದರು. ಹೊಲದಲ್ಲಿದ್ದ ಅವ್ವ ತನಗೆ ಬಂದ ಓಟಿಪಿ ಓದಿ ಹೇಳಿದರೆ, ಮಗು ಅದನ್ನು ಬೋರ್ಡಿನ ಮೇಲೆ ತನ್ನ ಹೆಸರಿನ ಮುಂದೆ ಬರೆಯುತ್ತಿತ್ತು. ಸಂಜೀವ ಅದನ್ನು ಕಂಪ್ಯೂಟರಿಗೆ ತುಂಬುತ್ತಿದ್ದ. ಸಾಲಿಯಲ್ಲಿ ಎಷ್ಟೋ ವರ್ಷದಿಂದ ನಡೆದು ಬಂದ ಪದ್ಧತಿ.

ದೇವದುರ್ಗದಿಂದ ವರ್ಗವಾಗಿ ಬಂದ ಉಮಾದೇವಿ ಟೀಚರ್ ಅದೇ ಗಳಿಗೆಗೆ ಒಳಗೆ ಕಾಲಿಟ್ಟಳು. ಬೋರ್ಡು ನೋಡಿದಳು. ಹುಬ್ಬು ಮೇಲೇರಿತು.

"ಯಾರ್ರೀ ಇದನ್ನ ಬರಿಸಿದವ್ರು?"

"ನಾನ್ರಿ."

"ಊರಿನ ಕೀಲಿ ಎಲ್ಲಾ ತಂದು ಗ್ವಾಡಿಗೆ ತೂಗಹಾಕೀರಲ್ಲ!"

"ಹತ್ತು ನಿಮಿಷಕ್ಕ ಸಾಯೋ ನಂಬರ್ರೀ ಇವು."

"ನಂಬರು ಸಾಯ್ತಾವ. ಫೋನ್ ಮಾಡಿ ಕೇಳಿದ್ರ ಹೇಳಬೇಕನ್ನೋ ರೂಢಿ ಸಾಯಂಗಿಲ್ಲ. ನಾಳಿ ಯಾವನೋ ಒಬ್ಬ ನಾನ ಮೇಷ್ಟ್ರು ಅಂತ ಹೇಳಿ ಕೇಳಿದ್ರ?"

"ನನ್ನಂಥ ದನಿ ಈ ಜಿಲ್ಲಾದಾಗ ಯಾರಿಗೂ ಇಲ್ರಿ," ಎಂದು ಸಂಜೀವ ಮೀಸೆ ತಿರುವಿದ.

ಅವಳು ಡಸ್ಟರ್ ಎತ್ತಿ ಒಂದೇ ಏಟಿಗೆ ಬೋರ್ಡು ಒರೆಸಿಬಿಟ್ಟಳು. ಎದ್ದ ಚಾಕ್ ಪುಡಿ ಮಾನ್ವಿವರೆಗೂ ಮೋಡ ಕಟ್ಟಿತು. ಆ ಮೋಡದೊಳಗೆ ಸಿಟ್ಟಿನಿಂದ ಕೆಂಪಾದ ಎರಡು ಕಣ್ಣು. ಸಂಜೀವನ ಮೀಸೆ ಬೆಳ್ಳಗಾಯಿತು. ಅದನ್ನು ಕಂಡು ಅವಳ ತುಟಿಯ ಅಂಚು ಒಂದಿಷ್ಟೇ, ಎಳ್ಳಿನಷ್ಟೇ, ಅಲುಗಿತು. ಆ ಎಳ್ಳಿಗಾಗಿ ಅವನು ಏಳು ಜನ್ಮ ಕಾಯಲು ಸಿದ್ಧನಾದ.

ಆದರೂ ಮುಂದೆ ಬಂದ ಅರ್ಜಿಗಳಿಗೂ ಅವನು ಆ ಪದ್ಧತಿ ಬಿಡಲಿಲ್ಲ. ಅವಳು ಮಾತು ಬಿಟ್ಟಳು.

ತಿಂಗಳು ಕಳೆದಿರಲಿಲ್ಲ, ಹತ್ತನೇ ಕ್ಲಾಸಿನ ಅಂಬಿಕಾಳ ಅವ್ವ ದುರುಗಮ್ಮ ಎದೆ ಬಡಿದುಕೊಳ್ಳುತ್ತ ಸಾಲಿಗೆ ಓಡಿ ಬಂದಳು. ಮಗಳನ್ನು ಮಾನ್ವಿಯ ಕಾಲೇಜಿಗೆ ಸೇರಿಸಲೆಂದು ಮೆಣಸಿನಕಾಯಿ ಬಿಡಿಸಿ ಕೂಡಿಟ್ಟಿದ್ದ ರೊಕ್ಕವೆಲ್ಲ ಖಾತೆಯಿಂದ ಹೋಗಿತ್ತು.

"ಸಾಲಿ ಮೇಷ್ಟ್ರು ಮಾತಾಡಾಕತ್ತೀನಿ, ಅಂಬಿಕಾನ ಸ್ಕಾಲರ್‌ಶಿಪ್ ಅಂದ್ರು ಯಪ್ಪಾ. ನಂಬರು ಹೇಳಿದೆ. ನೀವೂ ಹಂಗ ಕೇಳ್ತೀರಲ್ಲ!"

ಸಂಜೀವ ಗೋಡೆಗೆ ಒರಗಿದ. ಉಮಾದೇವಿ ಆಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿದ್ದಳು. ದೂರು ಬರೆಸಿ, ದುರುಗಮ್ಮನ ಕೈ ಹಿಡಿದು ಬ್ಯಾಂಕಿಗೆ ನಡೆದಳು. ಸಂಜೀವ ಹಿಂದೆ.

"ಓಟಿಪಿ ಕೊಟ್ಟಾಕಿ ಈಕಿನ. ನಾವೇನ್ ಮಾಡೂದು?" ಎಂದ ಕೌಂಟರಿನವನು, ತಲೆಯನ್ನೂ ಎತ್ತದೆ.

ಉಮಾದೇವಿ ಕೌಂಟರಿಗೆ ಅಂಗೈ ಬಡಿದಳು. "ಆಕಿಗೆ ಕೊಡಾಕ ಕಲಿಸಿದವ್ರು ನಾವು! ಕದ್ದಾವ ಆರಾಮ ಅದಾನ, ಕಲಿಸಿದವ್ರು ಆರಾಮ ಅದೀವಿ, ಬೈಸಿಕೊಳ್ಳಾಕ ಆಕಿ ಒಬ್ಬಾಕಿನ? ಮ್ಯಾನೇಜರ್‌ನ ಕರೀರಿ!"

ಆ ಏಟಿಗೆ ಬ್ಯಾಂಕಿನ ಛಾವಣಿ ಹಾರಿ ಕವಿತಾಳದಲ್ಲಿ ಬಿತ್ತು. ಸಂಜೀವನ ರಕ್ತ ಕುದಿಯಿತು. ಬೈಕ್ ಏರಿದ. ನೆರೆ ಬಂದ ಕೃಷ್ಣೆಯನ್ನು ಒಂದೇ ನೆಗೆತಕ್ಕೆ ದಾಟಿದ. ಕಳ್ಳನ ಕೊರಳಪಟ್ಟಿ ಹಿಡಿದು, ರಾಯಚೂರಿನ ಸೈಬರ್ ಠಾಣೆಯ ಮೆಟ್ಟಿಲ ಮೇಲೆ ಗೋಣಿಚೀಲದಂತೆ ಒಗೆದ. ಉಮಾದೇವಿ ಓಡಿ ಬಂದು, ಎಲ್ಲರೂ ನೋಡುತ್ತಿದ್ದಂತೆ, ಅವನ ಕೊರಳಿಗೆ ಹಾರ...

"ನಿಲ್ಲಸ್ರಿ, ನಿಲ್ಲಸ್ರಿ. ಯಾವ ಕಳ್ಳ? ಯಾವ ಹಾರ?"

ಬರೆಯುತ್ತ ಕುಳಿತ ನನ್ನ ಬೆನ್ನ ಹಿಂದೆ ಉಮಾದೇವಿ ಚಹಾದ ಕಪ್ಪು ಹಿಡಿದು ಓದುತ್ತ ನಿಂತಿದ್ದಾಳೆ. ಅದೇ ಹುಬ್ಬು, ಅದೇ ಎತ್ತರ.

"ಕಥಿ ಅಂದಮ್ಯಾಲೆ ಒಂದೀಟು..."

"ದುರುಗಮ್ಮ ಓದಿದ್ರ ಏನಂತಾಳ? ಖರೇ ಬರೀರಿ."

ಬರೆಯುತ್ತೇನೆ. ಸಂಜೀವ ನಾನೇ. ಕಳ್ಳ ಇನ್ನೂ ಸಿಕ್ಕಿಲ್ಲ. ಇವತ್ತು ಯಾವ ಊರಿನ ಅವ್ವನಿಗೆ ಫೋನ್ ಹಚ್ಚಿದ್ದಾನೋ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಉಮಾದೇವಿ ತಡಮಾಡದೆ ದೂರು ಕೊಟ್ಟಿದ್ದಕ್ಕೆ ಅರ್ಧ ರೊಕ್ಕ ಉಳಿಯಿತು. ಮಿಕ್ಕದ್ದನ್ನು ನಾವಿಬ್ಬರೂ ತುಂಬಿದೆವು. ಅಂಬಿಕಾ ಮಾನ್ವಿಯಲ್ಲಿ ಓದುತ್ತಿದ್ದಾಳೆ.

ನದಿಯನ್ನೇನೂ ನಾನು ಹಾರಲಿಲ್ಲ. ಅವ್ವಂದಿರನ್ನೆಲ್ಲ ಸಾಲಿಗೆ ಕರೆಸಿ, ಅದೇ ಬೋರ್ಡಿನ ಮುಂದೆ ನಿಂತು ಹೇಳಿದೆ: "ಓಟಿಪಿ ನಾನು ಕೇಳಿದ್ರೂ ಹೇಳಬ್ಯಾಡ್ರಿ. ಇಷ್ಟು ದಿನ ಕೇಳಿದ್ದು ನನ್ನ ತಪ್ಪು. ಇನ್ನ ಮ್ಯಾಲೆ ಅರ್ಜಿ ಇದ್ದಾಗ ನೀವ ಬಂದು, ನಿಮ್ಮ ಕೈಯಾರೆ ಒತ್ರಿ." ಜಿಲ್ಲೆಯಲ್ಲೇ ಬೇರೆ ಯಾರಿಗೂ ಇಲ್ಲದ ಆ ದನಿ ನಡುವೆಯೇ ಒಡೆಯಿತು. ಹಿಂದಿನ ಬೆಂಚಿನಲ್ಲಿ ಉಮಾದೇವಿ ಕುಳಿತಿದ್ದಳು. ತುಟಿಯ ಅಂಚು ಮತ್ತೆ ಅಲುಗಿತು.

ಅಂದು ಸಂಜೆ ಧೈರ್ಯ ಮಾಡಿ ಮೆಸೇಜ್ ಕಳಿಸಿದೆ: "ನನ್ನನ್ನ ಮದುವಿ ಆಗ್ತೀರೇನು?"

ಉತ್ತರ ಬಂತು: "ಮೆಸೇಜು ನಂಬಂಗಿಲ್ಲ. ಯಾರು ಕಳಿಸ್ಯಾರೋ ಏನೋ. ಎದುರಿಗೆ ಬಂದು ಹೇಳ್ರಿ."

ಮರುದಿನ ಕವಿತಾಳದ ಬಸ್ ಸ್ಟ್ಯಾಂಡಿನಲ್ಲಿ, ಊರಿಗೆ ಹೊರಟಿದ್ದ ಅವಳೆದುರು ಸಿಂಹದಂತೆ ನಿಂತು...

"ಸಿಂಹ?"

ಇಲ್ಲ. ತೊದಲಿದೆ. ಬೆವರಿದೆ. ಮೂರು ಮಾತು ಹೇಳುವಷ್ಟರಲ್ಲಿ ದೇವದುರ್ಗದ ಬಸ್ಸೂ ಹೊರಟುಹೋಯಿತು.

"ಹೋಗಲಿ ಬಿಡ್ರಿ," ಎಂದಳು ಅವಳು, ಬ್ಯಾಗು ನನ್ನ ಕೈಗಿತ್ತು. "ದನಿ ನಿಮ್ದ ಅದ. ಈಗ ನಂಬಿದೆ."