ಹೇಳಿ ಒಯ್ದ ಹಂಡೆ

೧೯೯೦ರ ಏಪ್ರಿಲ್ ೧೨, ಗುರುವಾರ. ಬೆಳಿಗ್ಗೆ ಕೋಟೆಗದ್ದೆ ಠಾಣೆಗೆ ಬಂದ ದೂರು ಆ ಠಾಣೆಯ ಮೇಲೆಯೇ ಇತ್ತು. ದೂರುದಾರ ತುಳಸಿದಾಸ ಶೇಟ್, ಉಪ್ಪಿನ ಸತ್ಯಾಗ್ರಹದ ಅರವತ್ತನೇ ವರ್ಷಾಚರಣೆ ಸಮಿತಿಯ ಕಾರ್ಯದರ್ಶಿ. ಸತ್ಯಾಗ್ರಹಿಗಳಿಂದ ಬ್ರಿಟಿಷರ ಪೊಲೀಸರು ಜಪ್ತಿ ಮಾಡಿದ್ದ ತಾಮ್ರದ ಹಂಡೆಯೊಂದು ಅಂದಿನಿಂದ ಠಾಣೆಯ ಉಗ್ರಾಣದಲ್ಲೇ ಉಳಿದಿತ್ತು. ಅದನ್ನು ಕಾರವಾರದ ವಸ್ತುಸಂಗ್ರಹಾಲಯಕ್ಕೆ ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಶಾಶ್ವತವಾಗಿ ಇಡಲೆಂದು ಶೇಟರು ಟೆಂಪೊ ತಂದಿದ್ದರು. ನೋಡಿದರೆ ಹಂಡೆಯೇ ಇಲ್ಲ.

"ಠಾಣೆಲೇ ಕಳವಾದ್ರೆ ನಾವು ಯಾರ್ ಹತ್ರ ಹೇಳೂದು ಸಾಹೇಬ್ರೇ?"

"ನಮ್ ಹತ್ರನೇ ಹೇಳಿ. ಬರ್ಕೊಳ್ತೆ," ಎಂದರು ಪಿಎಸ್‌ಐ ಮಂಗೇಶ ನಾಯ್ಕ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಪೇಟೆಯೆಲ್ಲ ಆಡಿಕೊಳ್ಳುವ ಮೊದಲೇ ಎಫ್‌ಐಆರ್ ದಾಖಲಿಸಿ ಉಗ್ರಾಣಕ್ಕೆ ನಡೆದರು.

ಬೀಗ ಒಡೆದಿರಲಿಲ್ಲ. ಕಿಟಕಿಯ ಸರಳುಗಳು ಗಟ್ಟಿಯಾಗಿದ್ದವು. ಧೂಳಿನಲ್ಲಿ ಹಂಡೆಯ ದುಂಡು ಗುರುತು, ಪಕ್ಕದಲ್ಲಿ ಬರಿಗಾಲಿನ ಹೆಜ್ಜೆ, ಎದುರಿಗೆ ಇಲಾಖೆಯ ಬೂಟಿನ ಹೆಜ್ಜೆ. ಸ್ಥಳ ಪಂಚನಾಮೆ ಮುಗಿಸಿದ ಮಂಗೇಶ, ಬಾಗಿಲಲ್ಲಿ ನಿಂತಿದ್ದ ಪೇದೆ ಬಾಳಾನ ಕಾಲು ನೋಡಿದರು.

"ನಿನ್ನೆ ಪಹರೆ ಯಾರದ್ದು?"

"ನಂದೇ ಸರ್."

"ಅಷ್ಟು ದೊಡ್ಡ ಹಂಡೆ ಒಬ್ರೇ ತಲೆಗೆ ಏರಿಸೂಕೆ ಆಗೂದಿಲ್ಲ. ಎತ್ತಿಕೊಟ್ಟವ ಯಾರು?"

ಬಾಳಾ ಟೊಪ್ಪಿ ತೆಗೆದ. "ನಾನೇ ಸರ್."

ನಡೆದದ್ದು ಇಷ್ಟು. ಬುಧವಾರ ಸಂಜೆ ಮುದುಕಿಯೊಬ್ಬಳು "ವಂದೇ ಮಾತರಂ! ಸಮುದ್ರ ನಮ್ದು, ಉಪ್ಪು ನಮ್ದು, ಹಂಡೆ ನಮ್ದು!" ಎಂದು ಕೂಗುತ್ತ ಅಂಗಳಕ್ಕೆ ಬಂದಿದ್ದಳು. ಮೆರವಣಿಗೆಗೆಂದು ಸಮಿತಿಯವರೇ ಕಳಿಸಿದ್ದಾರೆಂದು ತಿಳಿದ ಬಾಳಾ ಬೀಗ ತೆಗೆದು, ಹಂಡೆಯನ್ನು ಅವಳ ತಲೆಗೇರಿಸಿ, ತಾನೂ ಒಂದು ಸಲ ಗಟ್ಟಿಯಾಗಿ ಜೈ ಎಂದಿದ್ದ.

"ಆ ಅಜ್ಜಿ ಮೊದಲು ಯಾವಾಗಾದ್ರೂ ಬಂದಿತ್ತಾ?"

"ಸೋಮವಾರ ಬಂದಿತ್ತು ಸರ್. ಬುಧವಾರ ಹಂಡೆ ಒಯ್ತೆ ಅಂತ ಹೇಳೇ ಹೋಗಿತ್ತು. ಹೆಸ್ರು ನಾಗಿ, ಮನೆ ಬಾಳೆಗುಳಿ ಹತ್ರ ಅಂತ ಎಲ್ಲಾ ಹೇಳ್ತು. ಕಳ್ಳ್ರು ಯಾರಾದ್ರೂ ಹೀಂಗೆ ಹೇಳಿ ಬತ್ರಾ ಸರ್?"

"ಕಳ್ಳ್ರು ಬರೂದಿಲ್ಲ. ಸತ್ಯಾಗ್ರಹಿಗಳು ಬತ್ತಿದ್ರು." ಕಾನೂನು ಮುರಿಯುವ ದಿನವನ್ನು ಸರ್ಕಾರಕ್ಕೆ ಮೊದಲೇ ತಿಳಿಸುವುದು ಅವರ ಪದ್ಧತಿ. ಮಂಗೇಶರಿಗೆ ನಗು ತಡೆಯಲಾಗಲಿಲ್ಲ. ಶೇಟರನ್ನೂ ಕೂರಿಸಿಕೊಂಡು ಜೀಪು ಹೊರಟಿತು.

ನಾಗಿಯ ಅಂಗಳದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಹಂಡೆ ಕೂತಿತ್ತು. ಹುಣಸೆಹುಳಿ ಹಾಕಿ ತಿಕ್ಕಿದ ಕಂಠ ಫಳಫಳ ಹೊಳೆಯುತ್ತಿತ್ತು. ಒಳಗೆ ಭತ್ತ ಬೇಯುತ್ತಿತ್ತು. ಜೀಪು ಕಂಡದ್ದೇ ಅವಳು ಎದ್ದು ಬೇಡಿ ಹಾಕಲೆಂದು ಎರಡೂ ಕೈ ಚಾಚಿದಳು.

"ತಡ ಮಾಡಿದ್ರಿ ಒಡ್ಯಾ. ನಿನ್ನೆನೇ ಬತ್ರಿ ಅಂದ್ಕಂಡಿದ್ದೆ."

"ಕೇಸು ಬೇಡ ಅಜ್ಜಿ. ಹಂಡೆ ಕೊಟ್ಬಿಡು," ಎಂದರು ಮಂಗೇಶ.

"ನೀವು ಹಿಡೀದಿದ್ರೆ ನಾ ಬರೀ ಕಳ್ಳಿ ಆಗ್ತೆ. ನನ್ ಹೆತ್ತ ಆಯಿ ಉಪ್ಪು ಕಾಸಿ ಜೈಲಿಗೆ ಹೋಗಿತ್ತು. ಹಿಡೀರಿ."

"ಹಂಡೆ ಎಂತಕೆ ಒಯ್ದೆ?"

"ಅದು ಆಯಿ ಹಂಡೆ. ಉಪ್ಪು ಕಾಸೂಕೆ ಕೊಟ್ಟಿತ್ತು. ಸ್ವಾತಂತ್ರ್ಯ ಬಂದ್ಮೇಲೂ ಠಾಣೆಗೆ ಹೋಗಿ ಕೇಳಿ ಕೇಳಿ ಸತ್ತೋಯ್ತು. ಬ್ರಿಟಿಷ್ರು ಹೋದ್ರು, ಹಂಡೆ ಬರಲಿಲ್ಲ. ಇನ್ನು ಕಾರವಾರಕ್ಕೆ ಹೋದ್ರೆ ಬತ್ತಾ? ನಮ್ ಹಂಡೆ ನೋಡೂಕೆ ನಾ ಟಿಕೀಟು ತಕಂಬೇಕಾ?"

ಶೇಟರು ಚಪ್ಪಲಿ ಕಳಚಿಟ್ಟು ಒಲೆಯ ಹತ್ತಿರ ಹೋದರು.

ಮಂಗೇಶ ಶಾಸ್ತ್ರೋಕ್ತವಾಗಿ ನಾಗಿಯನ್ನು ಬಂಧಿಸಿದರು. ಅವಳ ಮುಖ ಅರಳಿತು. ಅಲ್ಲೇ ಜಾಮೀನೂ ಆಯಿತು. ಜಾಮೀನುದಾರ, ದೂರು ಕೊಟ್ಟ ಶೇಟರೇ. ಉಳಿದದ್ದು ಜಪ್ತಿ. ಬಾಳಾ ಕೈಗೆ ಗೋಣಿಚೀಲ ಸುತ್ತಿಕೊಂಡು ಹಂಡೆ ಬಗ್ಗಿಸಲು ಹೋದ.

ನಾಗಿಯ ದನಿ ಇಳಿಯಿತು. "ಆವತ್ತೂ ಹೀಂಗೇ ಒಡ್ಯಾ. ಕುದಿಯೂ ಉಪ್ಪಿನ್ ನೀರು ಚೆಲ್ಲಿ ಒಯ್ದಿದ್ರು. ಆಯಿ ಕಾಲು ಸುಟ್ಟೋಗಿತ್ತು."

ಮಂಗೇಶರಿಗೆ ತಮ್ಮ ಖಾಕಿಯ ಬಗ್ಗೆ ನಾಚಿಕೆಯಾಯಿತು.

"ಬಿಡು ಬಾಳಾ."

ಮ್ಯಾಜಿಸ್ಟ್ರೇಟರ ಆದೇಶ ಬರುವವರೆಗೆ ಹಂಡೆಯನ್ನು ಆರೋಪಿಯ ಸುಪರ್ದಿಗೇ ಒಪ್ಪಿಸಲಾಗಿದೆ ಎಂದು ಪಂಚನಾಮೆಯಲ್ಲಿ ಬರೆದರು. ಕಾರಣದ ಜಾಗದಲ್ಲಿ ಒಂದೇ ಸಾಲು: ಇದು ಲಾಭಕ್ಕೆ ಮಾಡಿದ ಕಳವಲ್ಲ, ತಾಯಿಯ ಬೇಡಿಕೆಯನ್ನು ಮಗಳು ಪೂರೈಸಿದ್ದು. ಮುಂದೆ ಮ್ಯಾಜಿಸ್ಟ್ರೇಟರೂ ಹಂಡೆಯನ್ನು ಅವಳಲ್ಲೇ ಬಿಟ್ಟರು.

ಆ ದಿನ ಮಾತ್ರ ಯಾರೂ ಬೇಗ ಹೊರಡಲಿಲ್ಲ. ಶೇಟರು ಜಗುಲಿಯಲ್ಲಿ ಕೂತರು, ಬಾಳಾ ಒಲೆಗೆ ಸೌದೆ ಒಟ್ಟಿದ, ಪಿಎಸ್‌ಐ ಸಾಹೇಬರು ಭತ್ತ ಬೇಯುವವರೆಗೂ ಕಾದರು.